ರೆಕ್ಕೆಯ ಮೇಲೆ ಒಂದು ಗೇಣು

ಟಕ್. ತುಸು ಬಿಟ್ಟು ಮತ್ತೆ ಟಕ್.

ಮೇ ತಿಂಗಳ ಬಿಸಿಲು ಏರುತ್ತ ಹೋದಂತೆ ಶೆಡ್ಡಿನ ತಗಡಿನ ಮಾಡು ಹಿಗ್ಗಿ ಹೀಗೆ ಸದ್ದು ಮಾಡುತ್ತದೆ. ಭೂಪಾಲನಿಗೆ ಅದೇ ಗಡಿಯಾರ. ಸದ್ದು ಮೂಡಣದ ಬದಿಯಿಂದ ಹೊರಟು ಮಾಡಿನ ನೆತ್ತಿಗೆ ಬಂತೆಂದರೆ ಚಹಾದ ಹೊತ್ತು. ನೆತ್ತಿ ದಾಟಿ ಪಡುವಣಕ್ಕೆ ಇಳಿಯಿತೆಂದರೆ ಬುತ್ತಿ ಬಿಚ್ಚುವ ಹೊತ್ತು. ಇವತ್ತು ಸದ್ದು ಇನ್ನೂ ಮೂಡಣದಲ್ಲೇ ಇತ್ತು. ಅವನು ಕೈಯಲ್ಲಿ ಕಸಬರಿಗೆ ಹಿಡಿದು ಸುಮ್ಮನೆ ನಿಂತಿದ್ದ.

ಕವಲಾಪುರದ ಆಚೆ, ದ್ರಾಕ್ಷಿ ತೋಟಗಳು ಮುಗಿದು ಬಯಲು ತೊಡಗುವಲ್ಲಿ ಆ ಶೆಡ್ಡು ಇದೆ. ಓದಿದವರು ಹ್ಯಾಂಗರ್ ಎನ್ನುತ್ತಾರೆ. ಎದುರಿಗೆ ವಿಮಾನ ಓಡಲು ಹದ ಮಾಡಿದ ನೆಲದ ಪಟ್ಟಿ, ಅದರ ತುದಿಗೆ ಗಾಳಿಯ ದಿಕ್ಕು ತೋರುವ ಕೆಂಪು ಚೀಲ. ಒಳಗೆ ಎರಡು ಸಣ್ಣ ವಿಮಾನಗಳು, ನಡುವೆ ಒಂದು ಎಮ್ಮೆ ಹಾಯುವಷ್ಟು ಜಾಗ ಬಿಟ್ಟುಕೊಂಡು, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ನಿಂತಿದ್ದವು. ಮೂರನೆಯದು ಹೊರಗೆ. ಅರಿಶಿನ ಬಣ್ಣದ್ದು, ಎಲ್ಲಕ್ಕಿಂತ ಚಿಕ್ಕದು. ಮೈಮೇಲೆ ತಾಡಪತ್ರಿ ಹೊದ್ದು, ಗೂಟಗಳಿಗೆ ಹಗ್ಗ ಬಿಗಿಸಿಕೊಂಡು, ಸಂತೆಯಲ್ಲಿ ಗಿರಾಕಿ ಸಿಗದೆ ಉಳಿದ ಕರುವಿನಂತೆ ನಿಂತಿತ್ತು.

ಅದನ್ನು ನೋಡದೆ ಕೆಲಸ ಮಾಡುವುದನ್ನು ಭೂಪಾಲ ಈಚೆಗೆ ರೂಢಿ ಮಾಡಿಕೊಂಡಿದ್ದ. ಹೊರಗೆ ಹೋಗುವಾಗ ಬೇಲಿಯ ಕಡೆ ಮುಖ ಮಾಡಿ ನಡೆಯುತ್ತಿದ್ದ.

ಭೂಪಾಲ ಚೌಗುಲೆ ಸಮಡೋಳಿಯವನು. ಮನೆಯ ಮಾತು ಕನ್ನಡ, ಓಣಿಯದು ಮರಾಠಿ. ಎರಡರ ನಡುವೆ ಎಲ್ಲಿ ಹೊಸ್ತಿಲು ಎಂದು ಅವನು ಎಂದೂ ಯೋಚಿಸಿದವನಲ್ಲ. ಪ್ರಾಯವೆಲ್ಲ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕಳೆಯಿತು. ಕಬ್ಬು ಹೇರಿದ ಟ್ರಾಲಿಯನ್ನು ಕಾರ್ಖಾನೆಯ ಅಂಗಳದ ಇಕ್ಕಟ್ಟಿನಲ್ಲಿ ಹಿಂದಕ್ಕೆ ಸರಿಸಿ ನಿಲ್ಲಿಸುವುದೆಂದರೆ ಅವನಿಗೆ ಆಟ. ಸೊಂಟ ಹಿಡಿದುಕೊಂಡ ಮೇಲೆ ಟ್ರ್ಯಾಕ್ಟರ್ ಬಿಟ್ಟ. ಸಾಂಗ್ಲಿಯ ಒಣದ್ರಾಕ್ಷಿ ವ್ಯಾಪಾರಿ ಬಾಪೂಸಾಹೇಬರು ಆಗಷ್ಟೇ ತಮ್ಮ ಬಯಲಿನಲ್ಲಿ ಈ ಶೆಡ್ಡು ಕಟ್ಟಿಸಿದ್ದರು. ಅವರು ಕರೆಸಿ, "ವಿಮಾನ ಕಾಯತಿ ಏನು?" ಎಂದು ಕೇಳಿದಾಗ ಭೂಪಾಲ, "ಹಾಲು ಕೊಡ್ತಾವೇನ್ರಿ?" ಎಂದಿದ್ದ. ಬಾಪೂಸಾಹೇಬರು ಹೊಟ್ಟೆ ಹಿಡಿದು ನಕ್ಕು ಅಲ್ಲೇ ಕೀಲಿ ಕೈಗೆ ಕೊಟ್ಟರು.

ಕೊಟ್ಟಿಗೆಯ ಕೆಲಸವೇ ಇದು, ಸೆಗಣಿಯೊಂದಿಲ್ಲ ಎಂದು ಹೆಂಡತಿ ಛಾಯಾಳಿಗೆ ಅವನು ಹೇಳುತ್ತಿದ್ದ. ಬೆಳಿಗ್ಗೆ ಹೊರಗೆ ಎಳೆಯುವುದು, ಮೈ ಒರೆಸುವುದು, ಹಾರಿ ಬಂದದ್ದನ್ನು ಮತ್ತೆ ಒಳಗೆ ತಳ್ಳಿ ಬಾಗಿಲು ಹಾಕುವುದು. ರೆಕ್ಕೆಯ ಕೆಳಗೆ ಗಾಳಿಯ ವೇಗ ಅಳೆಯುವ ಒಂದು ಸಣ್ಣ ನಳಿಗೆ ಇರುತ್ತದೆ. ಕಣಜಗಳಿಗೆ ಅದರ ಮೇಲೆ ಬಹಳ ಆಸೆ. ಬಿಟ್ಟರೆ ಮಣ್ಣು ತಂದು ಮೆತ್ತಿ ಮನೆ ಮಾಡುತ್ತವೆ. ಬಾಪೂಸಾಹೇಬರು ಔಷಧಿ ಹೊಡೆ ಎಂದರು. ಜೀವ ತೆಗೆಯುವುದು ಜೈನರಾದ ಚೌಗುಲೆಯವರ ಮನೆತನಕ್ಕೆ ಒಗ್ಗದ ಕೆಲಸ. ಅವನು ಛಾಯಾಳ ಹಳೆಯ ಸೀರೆಯ ಅಂಚಿನಿಂದ ಕೆಂಪು ಕುಲಾವಿಗಳನ್ನು ಹೊಲಿಸಿ ತಂದು ನಳಿಗೆಗಳಿಗೆಲ್ಲ ತೊಡಿಸಿದ. ಕಣಜಗಳು ಶೆಡ್ಡಿನ ಮೂಲೆಯ ಕಂಬಕ್ಕೆ ಹೋದವು. ಅಲ್ಲಿ ಅವುಗಳನ್ನು ಯಾರೂ ಮುಟ್ಟಲಿಲ್ಲ.

ಶೆಡ್ಡು ಕಟ್ಟಿಸಿದ್ದು ಎರಡಕ್ಕೆ. ಒಂದು ಬಾಪೂಸಾಹೇಬರದು, ತಗ್ಗು ರೆಕ್ಕೆಯದು, ಮೈಗೆ ನೀಲಿ ಪಟ್ಟಿ. ಇನ್ನೊಂದು ಅವರ ಗೆಳೆಯರ ಮಗ ಶಂತನುವಿನದು. ಅದರ ರೆಕ್ಕೆ ನೆತ್ತಿಯ ಮೇಲೆ, ಛತ್ರಿ ಬಿಡಿಸಿದ ಹಾಗೆ. ಅವೆರಡೂ ಆರಾಮಾಗಿ ಇದ್ದಾಗ ವೃಷಾಲಿ ಬಂದಳು. ಸಾಂಗ್ಲಿಯ ಅರಿಶಿನ ವ್ಯಾಪಾರಿಗಳ ಮನೆಯ ಹುಡುಗಿ. ಅಪ್ಪನ ಗೋದಾಮಿನ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತು, ಬಿಡಿ ಭಾಗ ತರಿಸಿ, ತಾನೇ ಒಂದು ವಿಮಾನ ಜೋಡಿಸಿದ್ದಳು. ಅದರ ರೆಕ್ಕೆಗೆ ತಗಡಿಲ್ಲ. ಬಟ್ಟೆ ಬಿಗಿದು ಬಣ್ಣ ಹೊಡೆದದ್ದು. ಅದನ್ನು ಮೊದಲ ಸಲ ಕಂಡಾಗ ಭೂಪಾಲ ಬೆರಳಿನಿಂದ ಮೆಲ್ಲಗೆ ತಟ್ಟಿದ್ದ. ತಮಟೆಯ ಹಾಗೆ ಧಂ ಎಂದಿತು.

"ತಂಗಿ, ಇದು ವಿಮಾನೋ ಹಲಗಿಯೋ?"

"ಕಾಕಾ, ಎರಡೂ," ಎಂದಿದ್ದಳು ವೃಷಾಲಿ. ಅವಳ ಕನ್ನಡ ಅಜ್ಜಿಯಿಂದ ಕೇಳಿ ಕಲಿತದ್ದು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಆಡುವಾಗ ತಡವರಿಸುತ್ತಿತ್ತು. "ಬಾರಸು ನೀವು, ನಾನು ಹಾರತೇನಿ."

ಆ ಮೂರನ್ನೂ ಒಳಗೆ ಹೊಂದಿಸಿದ್ದು ಎಲ್ಲರೂ ಸೇರಿ. ವೃಷಾಲಿ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದಳು, ಶಂತನು ಅಳತೆ ಹಿಡಿದ, ಬಾಪೂಸಾಹೇಬರು ಬೇಡ ಬೇಡ ಎನ್ನುತ್ತಲೇ ತಳ್ಳಿದರು. ಅರಿಶಿನದ್ದು ಮೊದಲು, ಹಿಂದಿನ ಮೂಲೆಗೆ. ಅದರ ಮುಂದೆ ನೀಲಿ ಪಟ್ಟಿಯದು. ಕೊನೆಗೆ ಶಂತನುವಿನದು, ಬಾಲ ಮುಂದಾಗಿ ಒಳಕ್ಕೆ ಬರಬೇಕು. ಅದರ ಬಾಲದ ಅಡ್ಡರೆಕ್ಕೆ ಬಾಪೂಸಾಹೇಬರ ರೆಕ್ಕೆಯ ಮೇಲೆ ಒಂದು ಗೇಣು ಅಂತರದಲ್ಲಿ ಬಂದು ನಿಲ್ಲಬೇಕು. ಕೋಳಿ ತನ್ನ ಮರಿಯ ಮೇಲೆ ಪುಕ್ಕ ಹರಡಿದ ಹಾಗೆ. ತಿರುಗಿಸುವಾಗ ಬಾಲವನ್ನು ಕೆಳಗೆ ಒತ್ತಿ ಮುಂಗಾಲಿ ಎತ್ತಬೇಕು. ಬಾಲ ಹಿಡಿಯುವವರಿಗೆ ಈ ಗೇಣು ಕಾಣುವುದಿಲ್ಲ. ಅದನ್ನು ನೋಡಿ ಕೂಗಿ ಹೇಳುವವನು ಭೂಪಾಲ. ಎರಡು ವರ್ಷ ಹೀಗೇ ನಡೆಯಿತು, ಎಲ್ಲಿಯೂ ಒಂದು ಗೀರಿಲ್ಲ.

ಯುಗಾದಿ ಕಳೆದ ಮೇಲಿನ ಒಂದು ಸಂಜೆ ಕೆಟ್ಟಿತು. ಶಂತನು ಮುಂದೆ ನಿಂತು ತಳ್ಳುತ್ತಿದ್ದ; ಬಾಲದ ಬಳಿ, ಅಂದು ಬಾರದ ವೃಷಾಲಿಯ ಬದಲಿಗೆ, ಬಾಪೂಸಾಹೇಬರು; ರೆಕ್ಕೆಯ ಬದಿಗೆ ಬಗ್ಗಿ ಕುಳಿತು ಅಂತರ ನೋಡುತ್ತಿದ್ದವನು ಭೂಪಾಲ. ಅಂತರ ಚೆನ್ನಾಗಿಯೇ ಇತ್ತು. ಅವನು ಕೂಗಿದ. ಮರುಗಳಿಗೆ ಅಡ್ಡರೆಕ್ಕೆ ದಡಕ್ಕನೆ ಕೆಳಗಿಳಿದು ಬಾಪೂಸಾಹೇಬರ ರೆಕ್ಕೆಯ ತಗಡನ್ನು ಹರಿಯಿತು.

ಬಾಪೂಸಾಹೇಬರ ಮಾತು ಮರಾಠಿ. ಕನ್ನಡ ತಿಳಿಯುತ್ತದೆ, ಆಡುತ್ತಾರೆ ಕೂಡ. ಸಿಟ್ಟು ಬಂದರೆ ಎರಡೂ ಕಲಸಿಹೋಗುತ್ತವೆ. "ಅರೆ, ನೀನೇ ಖಾಲೀ ಅಂದಿ ನಾ?"

"ಹೂಂ ರಿ ಸಾಹೇಬ್ರ, ನಾನೇ ಖಾಲಿ ಅಂದೆ."

"ಮಗ?" ಮತ್ತೆ ಹೀಗೇಕಾಯಿತು ಎಂದು ಅದರ ಅರ್ಥ.

ಭೂಪಾಲ ಹರಿದ ತಗಡನ್ನೇ ನೋಡಿದ. ಖಾಲಿ ಎಂದದ್ದು ಅವನೇ. ಖಾಲಿ ಇಲ್ಲದ್ದನ್ನು ಖಾಲಿ ಎಂದಿದ್ದಾನೆ ಎಂದ ಮೇಲೆ ಕಣ್ಣೇ ಕೈಕೊಟ್ಟಿರಬೇಕು. ರೆಕ್ಕೆ ದುರಸ್ತಿಯಾಗಿ ಬಂದ ದಿನ ಬಾಪೂಸಾಹೇಬರು, ಇನ್ನು ಒಳಗೆ ಎರಡೇ, ಕೊನೆಗೆ ಬಂದದ್ದು ಹೊರಗೆ ಇರಲಿ ಎಂದರು. ಭೂಪಾಲ ಮಿರಜಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ. ದೂರದ್ದು ಚೊಕ್ಕ ಇದೆ, ಓದಲಿಕ್ಕೆ ಮಾತ್ರ ಚಾಳೀಸು ಬೇಕು ಎಂದರು ಅವರು. ಅವನು ಡಾಕ್ಟರನ್ನು ನಂಬಲಿಲ್ಲ, ಹರಿದ ತಗಡನ್ನು ನಂಬಿದ. ಆಮೇಲೆ ವಿಮಾನ ಒಳಗೆ ತಳ್ಳುವಾಗ ತುಟಿ ಬಿಚ್ಚದೆ ತಳ್ಳುತ್ತಿದ್ದ. ನೋಡಿ ಹೇಳುವ ಕೆಲಸ ಶಂತನು ಮಾಡುತ್ತಿದ್ದ. ಎರಡೇ ಇದ್ದುದರಿಂದ ನೋಡುವಂಥದ್ದೂ ಏನಿರಲಿಲ್ಲ.

ಅರಿಶಿನದ ವಿಮಾನಕ್ಕೆ ಮಾತ್ರ ಬಿಸಿಲು ಬಡಿಯುತ್ತಿತ್ತು. ಬಟ್ಟೆಯ ರೆಕ್ಕೆ ಬಿಸಿಲಿನಲ್ಲಿ ಬಾಳುವುದಿಲ್ಲ, ಮಳೆಯಲ್ಲಂತೂ ಇಲ್ಲ. ನಿನ್ನೆ ವೃಷಾಲಿ ಬಂದು, ಕರಾಡದಲ್ಲಿ ಒಂದು ಜಾಗ ಸಿಕ್ಕಿದೆ, ನಾಳಿದ್ದು ಬೆಳಿಗ್ಗೆ ಹಾರಿಸಿಕೊಂಡು ಹೋಗುತ್ತೇನೆ ಎಂದಳು. ಯಾರನ್ನೂ ದೂರಲಿಲ್ಲ. ಅದೇ ಭೂಪಾಲನಿಗೆ ಹೆಚ್ಚು ನೋವು ತಂದಿತು.

"ಹೋದ ಮ್ಯಾಲ ಮತ್ತ ಈ ಕಡೆ ಬರ್ತಿ ಇಲ್ಲ ತಂಗಿ?"

"ನೋಡೂಣ ಕಾಕಾ," ಎಂದು ಅವಳು ತಾಡಪತ್ರಿಯ ಹಗ್ಗ ಬಿಗಿಯತೊಡಗಿದ್ದಳು.

ನಿನ್ನೆ ಅವನು ಮನೆ ಮುಟ್ಟಿದಾಗ ಹೊತ್ತು ಇನ್ನೂ ಇತ್ತು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಾದ ಮನೆ. ತಟ್ಟೆಯ ಮುಂದೆ ಕುಳಿತ, ರೊಟ್ಟಿ ಮುರಿದ. ಛಾಯಾ ಒಲೆಯ ಮುಂದಿದ್ದಳು. ಅವಳ ತವರು ಆರಗ. ಅಲ್ಲಿ ಬಸ್ಸಿನ ಕಂಡಕ್ಟರನೂ ಒಂದು ಸೀಟಿಗೆ ಕನ್ನಡ, ಮುಂದಿನ ಸೀಟಿಗೆ ಮರಾಠಿ ಆಡುತ್ತಾನೆ. ಸೊಸೆ ರಸಿಕಾ ಸಾಂಗ್ಲಿಯ ಪೇಟೆಯಲ್ಲಿ ಬೆಳೆದವಳು, ಅವಳಿಗೆ ಮರಾಠಿಯೇ. ಮದುವೆಯಾಗಿ ಬಂದ ಮೇಲೆ ಕನ್ನಡ ಕಲಿಯುತ್ತಿದ್ದಳು, ಬಿಸಿ ತವೆ ಮುಟ್ಟಿದ ಹಾಗೆ ಒಂದೊಂದೇ ಮಾತು.

ಛಾಯಾ ಮೇಲಿನ ಹಲಗೆಯ ಕಡೆ ಕಣ್ಣು ಹಾಯಿಸಿ, "ರಸಿಕಾ, ಆ ಶೇಂಗಾದ ಡಬ್ಬಾ ಖಾಲಿ ನೋಡವಾ," ಎಂದಳು.

ರಸಿಕಾ ತುದಿಗಾಲ ಮೇಲೆ ನಿಂತು ಡಬ್ಬಾ ಇಳಿಸಿ ನೆಲದ ಮೇಲೆ ಇಟ್ಟಳು.

"ಅಯ್ಯ, ಕೆಳಗ ಯಾಕ ಇಟ್ಟಿ? ಖಾಲಿ ಅಂದೆ ನಾ."

"ಆಈ, ಖಾಲೀಚ ಠೇವಲಾ ನಾ!" ಎಂದಳು ರಸಿಕಾ. ಕೆಳಗೇ ಇಟ್ಟೆನಲ್ಲ ಎಂದು ಅದರ ಅರ್ಥ. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ.

ಅತ್ತೆ ಸೊಸೆ ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿದರು. ಆಮೇಲೆ ಛಾಯಾ ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡು ನಗತೊಡಗಿದಳು. ಭೂಪಾಲ ನಗಲಿಲ್ಲ. ಅವನ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

ಅವನಿಗೆ ಮರಾಠಿ ಬಾರದ್ದೇನಲ್ಲ. ದಿನವೆಲ್ಲ ಬಾಪೂಸಾಹೇಬರೊಡನೆ ಅರ್ಧ ಮರಾಠಿಯೇ. ಆದರೆ ಜೀವ ಕೈಯಲ್ಲಿ ಹಿಡಿದು ಬಗ್ಗಿ ಕುಳಿತಾಗ ಬಾಯಿಗೆ ಬಂದದ್ದು ಅವ್ವನ ಮಾತು. ಜಾಗ ಖಾಲಿ ಇದೆ, ಬರಲಿ ಎಂದು ಅವನು ಕೂಗಿದ. ಜೀವ ಕೈಯಲ್ಲಿ ಹಿಡಿದು ಬಾಲದ ಬಳಿ ನಿಂತಿದ್ದ ಬಾಪೂಸಾಹೇಬರಿಗೆ ಕೇಳಿದ್ದು ಅವರ ಅವ್ವನ ಮಾತು. ಖಾಲೀ, ಖಾಲೀ. ಅವರು ಬಾಲವನ್ನು ಕೆಳಗೆ ಒತ್ತಿದರು.

"ನನ್ನ ಕಣ್ಣು ಚೊಕ್ಕ ಅದಾವ," ಎಂದ ಭೂಪಾಲ.

ಛಾಯಾಳಿಗೆ ಎಲ್ಲ ಬಿಡಿಸಿ ಹೇಳಬೇಕಾಯಿತು. ಕೇಳಿದ ಮೇಲೆ ಅವಳು ಸೊಂಟದ ಮೇಲೆ ಕೈ ಇಟ್ಟಳು. "ಮಿರಜಿಗಿ ಹೋಗಿ ಅಷ್ಟು ದೊಡ್ಡ ಡಾಕ್ಟರು ಹೇಳಿದಾಗ ನಂಬಲಿಲ್ಲ. ಈಗ ಶೇಂಗಾದ ಡಬ್ಬಾ ಹೇಳಿತಂದ್ರ ನಂಬತೀರಿ. ಉಣ್ರಿ ಇನ್ನ, ಹೊತ್ತು ಮುಣಗತೈತಿ."

ಅದಕ್ಕೇ ಇವತ್ತು ಅವನು ಕಸ ಗುಡಿಸುವುದನ್ನೂ ಬಿಟ್ಟು ತಗಡಿನ ಸದ್ದು ಕೇಳುತ್ತ ನಿಂತಿದ್ದದ್ದು. ಬಾಪೂಸಾಹೇಬರು ಬರುವುದು ಚಹಾದ ಹೊತ್ತಿಗೆ. ಅವರಿಗೆ ಹೇಳುವುದು ಹೇಗೆ? ನಿಮ್ಮ ರೆಕ್ಕೆಯನ್ನು ಹರಿದದ್ದು ನಿಮ್ಮ ಕೈಯೇ ಎಂದು ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ ನಾಳೆ ಬೆಳಿಗ್ಗೆ ಅರಿಶಿನದ್ದು ಕರಾಡಕ್ಕೆ.

ಸದ್ದು ಮಾಡಿನ ನೆತ್ತಿಗೆ ಬಂತು. ಬಾಪೂಸಾಹೇಬರ ಜೀಪೂ ಬಂತು, ಜೊತೆಗೆ ಶಂತನು. ವೃಷಾಲಿ ಆಗಲೇ ಬಂದು ಹೊರಗೆ ತನ್ನ ವಿಮಾನದ ಇಂಜಿನ್ ನೋಡುತ್ತಿದ್ದಳು. ಭೂಪಾಲ ಕುಟ್ಟಿದ ಶುಂಠಿ ಹಾಕಿ ಚಹಾ ಕಾಸಿ ಎಲ್ಲರಿಗೂ ಕೊಟ್ಟ. ಬಾಪೂಸಾಹೇಬರು ಒಂದು ಗುಟುಕು ಹೀರುವುದನ್ನೇ ಕಾದು, ಡಬ್ಬಾದ ಕತೆ ಹೇಳತೊಡಗಿದ. ಬರಿಯ ಡಬ್ಬಾದ್ದು. ರಸಿಕಾ ತುದಿಗಾಲ ಮೇಲೆ ನಿಂತದ್ದು, ನೆಲಕ್ಕೆ ಇಟ್ಟದ್ದು, ಅತ್ತೆ ಸೊಸೆ ನಕ್ಕದ್ದು. ವಿಮಾನದ ಹೆಸರೇ ಎತ್ತಲಿಲ್ಲ.

ಶಂತನು ಜೋರಾಗಿ ನಕ್ಕ. ನಗು ಅರ್ಧಕ್ಕೆ ನಿಂತಿತು. ಅವನು ಒಮ್ಮೆ ಭೂಪಾಲನನ್ನು, ಒಮ್ಮೆ ಬಾಪೂಸಾಹೇಬರನ್ನು ನೋಡಿದ.

ಬಾಪೂಸಾಹೇಬರು ಕಪ್ಪು ಬದಿಗಿಟ್ಟು ಎದ್ದರು. ತಮ್ಮ ವಿಮಾನದ ಬಳಿ ಹೋಗಿ, ದುರಸ್ತಿಯಾದ ಜಾಗದ ಮೇಲೆ ಅಂಗೈ ಇಟ್ಟು ನಿಂತರು. ಹೊಸ ಬಣ್ಣ ಅಲ್ಲಿ ತುಸು ಗಾಢವಾಗಿ ಕಾಣುತ್ತಿತ್ತು. ಭೂಪಾಲನಿಗೆ ಹೇಳಬಾರದಿತ್ತು ಎನ್ನಿಸತೊಡಗಿತು.

"ಮಗ ಏನು ಅನಬೇಕು?" ಎಂದರು ಅವರು, ಬೆನ್ನು ಈ ಕಡೆಗೇ ಇಟ್ಟು.

"ಏನ್ ಸಾಹೇಬ್ರ?"

"ಅರೆ, ಖಾಲೀ ಬಿಟ್ಟು ಏನು ಅನಬೇಕು, ಸಾಂಗ ನಾ, ಹೇಳು! ಜಾಗಾ ಐತಿ ಅನ್ನಾಕ ಒಂದು ಮಾತು ಬೇಕು, ಒತ್ತಾಕ ಒಂದು, ನಿಲ್ಲಾಕ ಒಂದು."

ಹೊರಗಿನಿಂದ ವೃಷಾಲಿ ಎಣ್ಣೆಯ ಕೈಯಲ್ಲೇ ಓಡಿ ಬಂದಳು. ಜಾಗ ಇದೆ ಎನ್ನಲು ಮೋಕಳಾ ಎನ್ನೋಣ ಎಂದಳು. ಎರಡೂ ಭಾಷೆಯ ಮನೆಗಳಲ್ಲಿ ಅದಕ್ಕೆ ಒಂದೇ ಅರ್ಥ, ಬಯಲು, ಬಿಡುವು. ಒತ್ತಲಿಕ್ಕೆ ದಾಬ ಸಾಕೆಂದು ಶಂತನು ಹೇಳಿದ, ಅದಕ್ಕೂ ಯಾರೂ ತಕರಾರು ತೆಗೆಯಲಿಲ್ಲ. ನಿಲ್ಲುವುದಕ್ಕೆ ಜಗಳವಾಯಿತು. ಭೂಪಾಲ ನಿಂದ್ರು ಎಂದ.

"ನಿಂ... ದ್ರು ಅನ್ನೂದರಾಗ ರೆಕ್ಕೆ ಹೋಗಿ ಗ್ವಾಡಿಗಿ ಬಡಿದಿರತೈತಿ ಕಾಕಾ," ಎಂದ ಶಂತನು. "ಥಾಂಬ ಅನ್ರಿ."

"ನಿನ್ನ ಥಾಂಬ ಏನು ಬಸ್ಸಿನ್ಯಾಗ ಬರ್ತೈತೇನು ಲಗೂನ?"

"ಹೋ ಅನ್ರಿ," ಎಂದಳು ವೃಷಾಲಿ. "ಎತ್ತು ನಿಲ್ಲಿಸಾಕ ಅಂತಾರಲ್ಲ, ಹೋ ಹೋ. ಅಜ್ಜಿ ಊರಾಗ ಕೇಳೇನಿ."

ಬಾಪೂಸಾಹೇಬರು ಕೊನೆಗೂ ತಿರುಗಿದರು. ಅವರ ಮುಖದಲ್ಲಿ ನಗೆ ಬರಲೋ ಬೇಡವೋ ಎಂದು ನೋಡುತ್ತಿತ್ತು. "ಬರೋಬರ. ಎತ್ತಿಗೆ ತಿಳಿತದ, ನಮಗೂ ತಿಳೀಬೇಕು. ಮತ್ತ ಈ ಶೆಡ್ಡಿನ್ಯಾಗ ಇನ್ನ ಖಾಲೀ ಅಂದಾವ ಎಲ್ಲರಿಗೂ ಚಹಾ ಮಾಡಬೇಕು."

"ಚಹಾಪುಡಿ ತೀರಿದ್ರ ಏನಂತ ಹೇಳೂದ್ರಿ?" ಎಂದ ಭೂಪಾಲ.

"ತೀರಿತು ಅನ್ನು!"

ಬುತ್ತಿ ಉಂಡ ಮೇಲೆ ತಗಡಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಭೂಪಾಲ ತಲೆ ಎತ್ತಿದ. ಬಿಸಿಲು ಹೋಗಿತ್ತು. ಮಿರಜಿನ ಕಡೆಯ ಆಕಾಶ ಕಾಡಿಗೆ ಮೆತ್ತಿದಂತೆ ಕಪ್ಪಾಗಿತ್ತು, ಗಾಳಿ ಚೀಲ ಕಂಬಕ್ಕೆ ಬಡಿಯುತ್ತಿತ್ತು. ಮುಂಗಾರಿಗೆ ಮೊದಲಿನ ಅಡ್ಡಮಳೆ. ಬಂದರೆ ಮೊದಲು ಬಿರುಗಾಳಿ, ಹಿಂದೆಯೇ ಆಲಿಕಲ್ಲು. ವೃಷಾಲಿ ಬಾಗಿಲಲ್ಲಿ ನಿಂತು ತನ್ನ ವಿಮಾನವನ್ನೇ ನೋಡುತ್ತಿದ್ದಳು. ತಾಡಪತ್ರಿ ಗಾಳಿ ತುಂಬಿ ಉಬ್ಬಿ, ಹಗ್ಗ ಜಗ್ಗುತ್ತಿತ್ತು. ನಾಳೆ ಕರಾಡಕ್ಕೆ ಹಾರಲು ಇವತ್ತು ಅದು ಉಳಿಯಬೇಕಿತ್ತು.

ಬಾಪೂಸಾಹೇಬರು ಯಾರನ್ನೂ ಕೇಳಲಿಲ್ಲ. ತೋಳು ಏರಿಸಿದರು. "ಎರಡೂ ಹೊರಗೆ ತೆಗಿ. ಹಳದಿ ಮೊದಲು ಒಳಗೆ."

ನಾಲ್ವರೂ ಸೇರಿ ಎರಡನ್ನು ಹೊರಗೆ ಎಳೆದರು. ಭೂಪಾಲ ಹಗ್ಗ ಬಿಚ್ಚಿದ. ಅರಿಶಿನದ್ದು ಹಗುರ, ವೃಷಾಲಿ ಅದರ ಬಾಲ ಎತ್ತಿ ಕರುವನ್ನು ಕರೆದೊಯ್ಯುವ ಹಾಗೆ ಮೂಲೆಗೆ ತಂದಳು. ಸುಣ್ಣದ ಗೆರೆ ಅರ್ಧ ಅಳಿಸಿತ್ತು, ಆದರೂ ತಿಳಿಯುತ್ತಿತ್ತು. ನೀಲಿ ಪಟ್ಟಿಯದೂ ಬಂದು ನಿಂತಿತು. ಉಳಿದದ್ದು ಛತ್ರಿಯ ರೆಕ್ಕೆಯದು.

ಶಂತನು ಮುಂದೆ ಹೋದ, ವೃಷಾಲಿ ರೆಕ್ಕೆಯ ಊರುಗೋಲಿಗೆ ಕೈ ಕೊಟ್ಟಳು. ಬಾಪೂಸಾಹೇಬರು ಮತ್ತೆ ಬಾಲದ ಬಳಿಯೇ ನಿಂತರು, ಬೇರೆ ಜಾಗಕ್ಕೆ ಹೋಗಲಿಲ್ಲ. ಭೂಪಾಲ ತನ್ನ ಹಳೆಯ ಜಾಗದಲ್ಲಿ ಬಗ್ಗಿ ಕುಳಿತ. ಅಡ್ಡರೆಕ್ಕೆ ಹತ್ತಿರ ಬಂತು. ಕೆಳಗಿನ ರೆಕ್ಕೆಯ ಮೇಲೆ ಅದರ ನೆರಳು ಹತ್ತಿತು. ಅವನು ಅಂತರವನ್ನು ಮತ್ತೆ ಮತ್ತೆ ನೋಡಿದ.

"ಕಾಕಾ," ವೃಷಾಲಿ ಆ ಬದಿಯಿಂದ ಕೂಗಿದಳು, "ದನಿ ಕೊಡ್ರಿ! ನಮಗೇನು ಕಾಣವಲ್ದು."

ಗೇಣು ಇತ್ತು. ಒಂದು ಪೂರಾ ಗೇಣು.

"ಮೋಕಳಾ!"

ವಿಮಾನ ಸರಿಯಿತು.

"ಮೋಕಳಾ! ಮೋಕಳಾ... ಬರ್ರಿ, ಮೋಕಳಾ..."

ಆಗ ಗಾಳಿ ನುಗ್ಗಿತು. ಬಾಗಿಲ ಮೂಲಕ ಬಂದ ಒಂದು ಹೊಡೆತಕ್ಕೆ ಮೇಲಿನ ರೆಕ್ಕೆ ವಾಲಿ, ಅಡ್ಡರೆಕ್ಕೆಯ ಒಂದು ತುದಿ ಕೆಳಗೆ ತೂಗಿತು.

"ಹೋ! ಹೋ! ಹೋ!"

ಮೂವರೂ ನಿಂತಲ್ಲೇ ಕಲ್ಲಾದರು. ವಿಮಾನ ತೂಗಿ, ನಿಂತಿತು. ಗೇಣು ನಾಲ್ಕು ಬೆರಳಾಗಿ, ಮತ್ತೆ ಗೇಣಾಯಿತು. ಗಾಳಿಯ ಹೊಡೆತ ಹಾದುಹೋಗುವವರೆಗೆ ಭೂಪಾಲ ಕಾದ. ಬಾಪೂಸಾಹೇಬರು ಬಾಲ ಹಿಡಿದು, ಉಸಿರು ಹಿಡಿದು, ಅವನ ಬಾಯಿಯನ್ನೇ ನೋಡುತ್ತಿದ್ದರು.

"ಮೋಕಳಾ," ಎಂದ ಭೂಪಾಲ, ಈ ಸಲ ಮೆಲ್ಲಗೆ.

ಗಾಲಿಗಳಿಗೆ ಮರದ ತುಂಡು ಕೊಟ್ಟು, ಜಾರುಬಾಗಿಲನ್ನು ಒಂದಾಳು ದಾಟುವಷ್ಟು ಬಿಟ್ಟು ಎಳೆದಾಗ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಮೂರು ವಿಮಾನಗಳೂ ಒಂದರ ರೆಕ್ಕೆಯ ಅಡಿ ಇನ್ನೊಂದರ ರೆಕ್ಕೆ ತೂರಿಸಿಕೊಂಡು ನಿಂತಿದ್ದವು. ಶಂತನು ಶರ್ಟಿನಿಂದ ಬೆವರು ಒರೆಸಿಕೊಂಡ. ಬಾಪೂಸಾಹೇಬರು ಉಸ್ಸೆಂದು ಉಸಿರು ಬಿಟ್ಟು, "ಮೀ ಜರಾ ಖಾಲೀ ಬಸತೋ," ಎಂದು ನೆಲದ ಮೇಲೆ ಕುಳಿತೇ ಬಿಟ್ಟರು.

"ಚಹಾ!" ಎಂದರು ವೃಷಾಲಿ ಮತ್ತು ಶಂತನು ಒಟ್ಟಿಗೇ.

"ಅರೆ, ಅದು ಕೆಳಗೆ ಅನ್ನೂ ಖಾಲೀ!"

"ಯಾವ ಖಾಲಿ ಆದ್ರೂ ಚಹಾ ಚಹಾನ ರಿ," ಎಂದ ಭೂಪಾಲ. "ಸ್ಟೋ ಅಲ್ಲೈತಿ. ಶುಂಠಿ ಕುಟ್ಟಿ ಹಾಕ್ರಿ."

ಬಾಪೂಸಾಹೇಬರು ಗೊಣಗುತ್ತ ಎದ್ದು ಸ್ಟೋ ಹುಡುಕಿದರು. ಹೋಗುವಾಗ ವೃಷಾಲಿಯ ಕಡೆ ನೋಡದೆ, "ಕರಾಡದವರಿಗೆ ಫೋನ್ ಮಾಡಿ ಬರೂದಿಲ್ಲ ಅಂತ ಹೇಳಿ ಬಿಡು," ಎಂದರು.

ವೃಷಾಲಿ ತನ್ನ ರೆಕ್ಕೆಯ ಮೇಲಿನ ಧೂಳನ್ನು ಅಂಗೈಯಿಂದ ಒಮ್ಮೆ ಒರೆಸಿದಳು. ಆಮೇಲೆ ಭೂಪಾಲನ ಬಳಿ ಬಂದಳು.

"ಕಾಕಾ, ಇಷ್ಟು ವರ್ಷ ಆತು, ಒಮ್ಮೆನೂ ನೀವು ಮ್ಯಾಲ ಬಂದಿಲ್ಲ. ಮಳಿ ಹೋದ ಮ್ಯಾಲ ಬೆಳಿಗ್ಗೆ ಕುಂದ್ರಿ. ಸಮಡೋಳಿ ಮ್ಯಾಲ ಒಂದು ಸುತ್ತು ಹೊಡಿಯೂಣ. ಛಾಯಾ ಕಾಕು ಅಂಗಳದಾಗ ನಿಂತು ನೋಡ್ತಾರ."

"ನಿನ್ನ ಹಲಗಿ ಮ್ಯಾಲ ಕುಂದ್ರಾಕ ನನಗೇನು ಹೆದರಿಕಿಲ್ಲ ತಂಗಿ. ಆದ್ರ ನಿಮ್ಮ ಕಾಕುಗ ಮೊದಲ ಕೇಳಬೇಕು. ಆಕಿ ಏನಂತಾಳಂದ್ರ..." ಭೂಪಾಲ ಅರ್ಧಕ್ಕೆ ನಿಲ್ಲಿಸಿ ಬಾಗಿಲ ಸಂದಿನಿಂದ ಹೊರಗೆ ನೋಡಿದ. ಅರಿಶಿನದ ವಿಮಾನ ನಿಂತಿದ್ದ ಜಾಗದಲ್ಲಿ ಇನ್ನು ಬೇಡವಾದ ಗೂಟಗಳು ಹಾಗೇ ಇದ್ದವು. ಹಗ್ಗಗಳು ನೆಲದ ಮೇಲೆ ಬಿದ್ದು ನೆನೆಯುತ್ತಿದ್ದವು.

"ಏನಂತಾರ ಕಾಕಾ? ಹೇಳ್ರಿ ನಾ. ಹೂಂ ಅಂತಾರೋ ಬ್ಯಾಡ ಅಂತಾರೋ?"

ಭೂಪಾಲ ಟವೆಲನ್ನು ತಲೆಗೆ ಸುತ್ತಿಕೊಂಡು ಮಳೆಗೆ ಇಳಿದಿದ್ದ. ಮೊದಲ ಗೂಟದ ಮುಂದೆ ಬಗ್ಗಿ, ಎರಡೂ ಕೈಯಿಂದ ಅದನ್ನು ಅಲ್ಲಾಡಿಸಿ ಕೀಳತೊಡಗಿದ್ದ.